ತೂಕಕ್ಕೆ ಹಾಕುವ ಮೊದಲು

ನಮ್ಮ ಮಾಮುಗೆ ಗುಜರಿ ಅಂಗಡಿ ಇದೆ. ಭಾನುವಾರ ಮತ್ತು ರಜೆಯ ದಿನಗಳಲ್ಲಿ ನಾನು ಅಲ್ಲಿ ಕೂತು ಲೆಕ್ಕ ಬರೆಯುತ್ತೇನೆ. ಕಾಮರ್ಸ್ ಓದುವವರು ಮನೆಯಲ್ಲೊಬ್ಬರಿದ್ದರೆ ಎಷ್ಟು ಅನುಕೂಲ ಎಂದು ಮಾಮು ಬಂದವರಿಗೆಲ್ಲ ಹೇಳುತ್ತಾರೆ. ಸಂಬಳ ಮಾತ್ರ ಕೊಡುವುದಿಲ್ಲ, ಸಂಜೆ ಸಮೋಸ ಕೊಡಿಸುತ್ತಾರೆ.

ಕಳೆದ ದಸರಾ ರಜೆಯಲ್ಲಿ ಒಂದು ಮಿನಿ ಲಾರಿ ಅಂಗಡಿ ಮುಂದೆ ಬಂದು ನಿಂತಿತು. ಪಕ್ಕದ ತಾಲ್ಲೂಕಿನಲ್ಲಿ ಬಹಳ ವರ್ಷದಿಂದ ಮುಚ್ಚಿದ್ದ ಟಾಕೀಸೊಂದನ್ನು ಕೆಡವಿ ಅಲ್ಲಿ ಕಲ್ಯಾಣ ಮಂಟಪ ಕಟ್ಟುತ್ತಾರಂತೆ. ಲಾರಿಯಿಂದ ಒಂದಕ್ಕೊಂದು ಜೋಡಿಸಿದ ಕಬ್ಬಿಣದ ಕುರ್ಚಿಗಳು, ಉದ್ದ ಕೊಳವೆಯ ಫ್ಯಾನುಗಳು, ಟಿಕೆಟ್ ಕಿಟಕಿಯ ಸರಳುಗಳು ಇಳಿದವು. ಕೊನೆಯಲ್ಲಿ ಒಂದು ವಿಚಿತ್ರ ಡಬ್ಬಿ ಇಳಿಯಿತು. ದಪ್ಪ ತಗಡಿನದು, ಮೇಲೆ ಸಣ್ಣ ಹೊಗೆಗೂಡು, ಪಕ್ಕದಲ್ಲಿ ಬಾಗಿಲು, ಬಾಗಿಲಲ್ಲಿ ಕಡು ಬಣ್ಣದ ಗಾಜಿನ ತೂತು, ಮುಂದಕ್ಕೆ ಚಾಚಿದ ಎರಡು ಕಂಬಿಗಳು, ಕಂಬಿಯ ತುದಿಯಲ್ಲಿ ಹಿತ್ತಾಳೆಯ ಕೊಳವೆ. ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರು ಅದನ್ನು ವೆಲ್ಡಿಂಗ್ ಸಾಮಾನು ಎಂದರು. ಇನ್ನೊಬ್ಬರು ನೀರು ಕಾಯಿಸುವ ಬಾಯ್ಲರ್ ಎಂದರು. ಮಾಮು "ಸಿನಿಮಾ ಮಷೀನ್" ಎಂದು ತೀರ್ಪು ಕೊಟ್ಟು ತಕ್ಕಡಿಯ ಮೇಲೆ ಇಡಿಸಿದರು. ನಾನು ಬರೆದುಕೊಂಡೆ: ಮಿಶ್ರ ಕಬ್ಬಿಣ, 31 ಕೆ.ಜಿ.

ಆ ಸಾಲು ನನ್ನದೇ ಕೈಬರಹದಲ್ಲಿ ಇವತ್ತಿಗೂ ರಿಜಿಸ್ಟರಿನಲ್ಲಿದೆ. ಅದು ತಪ್ಪು ನಮೂದು. ಅದು ಸಿನಿಮಾ ಓಡಿಸುವ ಯಂತ್ರ ಅಲ್ಲವೇ ಅಲ್ಲ. ಅದು ಸ್ಲೈಡ್ ಪ್ರೊಜೆಕ್ಟರ್.

ಸ್ಲೈಡ್ ಅಂದರೆ ಏನೆಂದು ನಮ್ಮ ತರಗತಿಯಲ್ಲಿ ಕೇಳಿದರೆ ಎಲ್ಲರೂ ಪವರ್‌ಪಾಯಿಂಟ್ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಥಿಯೇಟರಿಗೆ ಹೋಗುವುದೇ ಕಡಿಮೆ. ಹೋದಾಗಲೂ ಜಾಹೀರಾತು, ಬೀಡಿ ಸಿಗರೇಟಿನ ಎಚ್ಚರಿಕೆ ಎಲ್ಲವೂ ಡಿಜಿಟಲ್ ಫೈಲಿನಲ್ಲಿ ಬಂದದ್ದನ್ನೇ ನೋಡಿದ್ದೇನೆ. ಸ್ಲೈಡ್ ಎಂದರೆ ಗಾಜಿನ ಚೌಕ ಎಂದು ಹೇಳಿಕೊಟ್ಟವರು ನಮ್ಮ ನಾನಿ. ಸಿನಿಮಾ ಶುರುವಾಗುವ ಮೊದಲು, ಮತ್ತೆ ಇಂಟರ್ವಲ್ಲಿನಲ್ಲಿ, ಪರದೆಯ ಮೇಲೆ ಅಲುಗಾಡದ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವಂತೆ. ಹೊಗೆ ಸೇದಬೇಡಿ, ಮುಂದಿನ ಬದಲಾವಣೆ, ಕೆಂಪು ತ್ರಿಕೋನದ ಕುಟುಂಬ ಯೋಜನೆ. ಅದರ ನಡುವೆ ಊರಿನ ಬಳೆ ಅಂಗಡಿ, ಸೈಕಲ್ ಶಾಪು, ಕನ್ನಡಕದ ಅಂಗಡಿ, ಹೋಟೆಲು. "ಪಿಕ್ಚರ್ ಮರೆತಿದೆ, ಸ್ಲೈಡು ಮರೆತಿಲ್ಲ" ಎನ್ನುತ್ತಾರೆ ನಾನಿ. ಪಿಕ್ಚರಿನವರು ಬೊಂಬಾಯಿಯವರೋ ಮದರಾಸಿನವರೋ, ಸ್ಲೈಡಿನವರು ಮಾತ್ರ ತಮ್ಮ ಬೀದಿಯವರು, ಅದಕ್ಕೆ ಎಂದು ಅವರ ವಿವರಣೆ.

ಇದನ್ನು ಕೇಳಿದ ಮೇಲೆ ನಾನು ಆ ಡಬ್ಬಿಯ ಹಿಂದೆ ಬಿದ್ದೆ. ಈಗ ನನಗೊಂದು ಅಭಿಪ್ರಾಯ ಇದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಹಳೆಯ ಟಾಕೀಸುಗಳು ಕೆಡವಿದಾಗ ಕಟ್ಟಡ ಹೋಯಿತು ಎಂದು ಎಲ್ಲರೂ ಮರುಗುತ್ತಾರೆ, ಫೋಟೋ ಹಾಕುತ್ತಾರೆ. ಕಟ್ಟಡ ಉಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಕ್ಯಾಬಿನ್ನಿನೊಳಗೆ ಇದ್ದದ್ದು ಏನು ಎಂದು ಗುರುತಿಸಿ ಬರೆದಿಡುವುದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಯಾರೂ ಕೊಡುವುದಿಲ್ಲ. ದುರಸ್ತಿ, ಪಾಲಿಷ್, ಮ್ಯೂಸಿಯಂ ಎಲ್ಲ ಆಮೇಲಿನ ಮಾತು. ಗುರುತು ಸಿಗದ ವಸ್ತುವನ್ನು ದುರಸ್ತಿ ಮಾಡುವವರಾದರೂ ಯಾರು?

ಗುರುತಿಸುವುದು ಕಷ್ಟವೇನಲ್ಲ ಎಂದು ಮೊದಲು ಹೇಳಿಬಿಡುತ್ತೇನೆ. ಸಿನಿಮಾ ಪ್ರೊಜೆಕ್ಟರಿನಲ್ಲಿ ಹಲ್ಲಿನ ಚಕ್ರಗಳು, ಮೋಟಾರು, ಮೇಲೆ ಕೆಳಗೆ ರೀಲಿನ ಪೆಟ್ಟಿಗೆ ಇರುತ್ತವೆ. ಸ್ಲೈಡ್ ಪ್ರೊಜೆಕ್ಟರಿನಲ್ಲಿ ತಿರುಗುವುದು ಏನೂ ಇಲ್ಲ. ಹಿಂದೆ ದೀಪದ ಮನೆ. ಅದರ ಮುಂದೆ ಕಂಡೆನ್ಸರ್, ಅಂದರೆ ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬಿದ ಎರಡು ದಪ್ಪ ಮಸೂರಗಳು, ಉಬ್ಬುಗಳು ಒಂದನ್ನೊಂದು ನೋಡುವಂತೆ ಕೂತಿರುತ್ತವೆ. ಆಮೇಲೆ ಸ್ಲೈಡ್ ಕೂರಿಸುವ ಮರದ ಅಥವಾ ತಗಡಿನ ಚೌಕಟ್ಟು. ಇದರಲ್ಲಿ ಎರಡು ಕಿಟಕಿ ಇರುತ್ತವೆ. ಒಂದರಲ್ಲಿರುವ ಸ್ಲೈಡ್ ಪರದೆಯ ಮೇಲೆ ಇರುವಾಗ ಇನ್ನೊಂದರಲ್ಲಿ ಮುಂದಿನದನ್ನು ಹಾಕಿ ಎಡಕ್ಕೋ ಬಲಕ್ಕೋ ತಳ್ಳಿದರಾಯಿತು. ಕೊನೆಯಲ್ಲಿ ಮುಂದಿನ ಲೆನ್ಸ್.

ಚೌಕಟ್ಟಿನ ಕಿಟಕಿಯನ್ನು ಅಳೆಯಬೇಕು. ಬ್ರಿಟಿಷ್ ಪದ್ಧತಿಯ ಸ್ಲೈಡ್ ಮೂರೂಕಾಲು ಇಂಚಿನ ಚೌಕ. ಅಮೆರಿಕದ್ದು ಮೂರೂಕಾಲು ಎತ್ತರ, ನಾಲ್ಕು ಇಂಚು ಅಗಲ. ಎರಡು ಇಂಚಿನ ಸಣ್ಣ ಚೌಕ ಹಿಡಿಯುವಂತಿದ್ದರೆ ಅದು 35 ಎಂ.ಎಂ. ಫೋಟೋ ಸ್ಲೈಡಿಗೆ ಬಂದ ನಂತರದ ಯಂತ್ರ. ಆನ್‌ಲೈನಿನಲ್ಲಿ ಹಳೆಯ ಸ್ಲೈಡ್ ಪ್ರೊಜೆಕ್ಟರ್ ಎಂದು ಹುಡುಕಿದರೆ ಮೊದಲು ಕಾಣುವುದು ದುಂಡು ತಟ್ಟೆಯ ಕೊಡಾಕ್ ಕರೌಸೆಲ್. ಅದು 1961ರಲ್ಲಿ ಮಾರುಕಟ್ಟೆಗೆ ಬಂದದ್ದು, ಮನೆಗೆ ಮತ್ತು ಪಾಠಕ್ಕೆ. ನಮ್ಮ ಟಾಕೀಸಿನ ಡಬ್ಬಿಗೂ ಅದಕ್ಕೂ ಅಜ್ಜ ಮೊಮ್ಮಗನ ಸಂಬಂಧ.

ಶಾಲೆಯಲ್ಲಿ ಬಳಸುತ್ತಿದ್ದ ಲ್ಯಾಂಟರ್ನಿಗೂ ಥಿಯೇಟರಿನದಕ್ಕೂ ವ್ಯತ್ಯಾಸ ಹೇಳುವುದು ಮುಂದಿನ ಲೆನ್ಸು. ಇದು ಸರಳ ತ್ರೈರಾಶಿ, ಸೈನ್ಸ್ ಸೆಕ್ಷನ್ನಿನವರ ಸಹಾಯ ಬೇಕಿಲ್ಲ. ಸ್ಲೈಡಿನ ಅಗಲವನ್ನು ಪರದೆಯವರೆಗಿನ ದೂರದಿಂದ ಗುಣಿಸಿ, ಪರದೆಯ ಅಗಲದಿಂದ ಭಾಗಿಸಿದರೆ ಬೇಕಾದ ಲೆನ್ಸಿನ ನಾಭಿದೂರ ಸಿಗುತ್ತದೆ. ಸ್ಲೈಡಿನ ಚಿತ್ರ 3 ಇಂಚು, ಕ್ಯಾಬಿನ್ನಿನಿಂದ ಪರದೆ 80 ಅಡಿ, ಪರದೆ 20 ಅಡಿ ಅಗಲ ಎಂದುಕೊಳ್ಳಿ. 12 ಇಂಚಿನ ಲೆನ್ಸ್ ಬೇಕು. ತರಗತಿಯಲ್ಲಿ 25 ಅಡಿ ದೂರದಿಂದ 10 ಅಡಿ ಚಿತ್ರಕ್ಕೆ ಏಳೂವರೆ ಇಂಚು ಸಾಕು. ಎಷ್ಟೋ ಲೆನ್ಸುಗಳ ಅಂಚಿನಲ್ಲಿ ಈ ಸಂಖ್ಯೆ ಕೊರೆದೇ ಇರುತ್ತದೆ. ಅಂದರೆ ಲೆನ್ಸಿನ ಮೇಲಿನ ಆ ಒಂದು ಸಂಖ್ಯೆಯಿಂದ, ಕೆಡವಿ ಹೋದ ಟಾಕೀಸಿನ ಸಭಾಂಗಣ ಸುಮಾರು ಎಷ್ಟು ಉದ್ದ ಇತ್ತು ಎಂದು ಊಹಿಸಬಹುದು. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ದೀಪ ಯಾವುದು ಎಂಬುದೂ ಒಂದು ಗುರುತು. ಹೊಗೆಗೂಡು, ಕಡು ಗಾಜಿನ ಕಿಂಡಿ, ಒಳಗೆ ಎರಡು ಹಿಡಿಕೆಗಳು ಇದ್ದರೆ ಅದು ಕಾರ್ಬನ್ ಆರ್ಕ್. ಎರಡು ಇಂಗಾಲದ ಕಡ್ಡಿಗಳನ್ನು ಮುಟ್ಟಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ವಿದ್ಯುತ್ ಹಾರಿ, ಕಡ್ಡಿಯ ತುದಿ ಸುಮಾರು 3,500 ಡಿಗ್ರಿ ಕಾದು ಬೆಳಗುತ್ತದೆ. ಕಡ್ಡಿಗಳು ಉರಿದು ಸವೆಯುವುದರಿಂದ ಆಪರೇಟರ್ ಆಗಾಗ ಹಿಂದಿನ ಗುಬುಟು ತಿರುಗಿಸಿ ಹತ್ತಿರ ತರಬೇಕು. ಆ ಶಾಖಕ್ಕೆ ಸ್ಲೈಡನ್ನು ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಸುಡುತ್ತದೆ, ಗಾಜು ಸೀಳುತ್ತದೆ. ಬಳೆ ಅಂಗಡಿಯ ಜಾಹೀರಾತು ಕೆಲವೇ ಸೆಕೆಂಡು ನಿಲ್ಲುತ್ತಿದ್ದುದಕ್ಕೆ ಮಾಲೀಕರ ಜಿಪುಣತನ ಒಂದೇ ಕಾರಣವಲ್ಲ.

ಒಂದು ಮೋಸ ಹೋಗುವ ಜಾಗ ಇದೆ. ಕೆಲವು ಹಳೆಯ ಯಂತ್ರಗಳಲ್ಲಿ ಸ್ಲೈಡಿಗೆ ಪ್ರತ್ಯೇಕ ದೀಪವೇ ಇರುವುದಿಲ್ಲ. ಸಿನಿಮಾ ಪ್ರೊಜೆಕ್ಟರಿನ ದೀಪದ ಮನೆಯನ್ನೇ ಹಳಿಯ ಮೇಲೆ ಪಕ್ಕಕ್ಕೆ ಸರಿಸಿ, ಪಕ್ಕದಲ್ಲಿರುವ ಸ್ಲೈಡ್ ಲೆನ್ಸಿಗೆ ಬೆಳಕು ಕೊಡುತ್ತಿದ್ದರು. ಅಂಥದು ಸಿಕ್ಕಿದಾಗ ಅರ್ಧ ಕಳೆದುಹೋಗಿದೆ ಎಂದು ಬಿಸಾಡುತ್ತಾರೆ. ಅದು ಹುಟ್ಟಿದ್ದೇ ಹಾಗೆ. ಕ್ಯಾಬಿನ್ನಿನ ಗೋಡೆ ಇನ್ನೂ ನಿಂತಿದ್ದರೆ ಅದನ್ನೂ ನೋಡಬೇಕು. ಸಿನಿಮಾ ಪ್ರೊಜೆಕ್ಟರುಗಳ ಕಿಂಡಿಗಳನ್ನು ಲೆಕ್ಕ ಹಾಕಿದ ಮೇಲೂ ಒಂದು ಕಿಂಡಿ ಉಳಿದರೆ ಅದು ಸ್ಲೈಡಿನದ್ದೇ ಇರಬಹುದು.

ಕಂಪನಿಯ ಹೆಸರು ಹುಡುಕುವಾಗ ಬಣ್ಣ ಕೆರೆಯಬೇಡಿ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಬಣ್ಣದಡಿಯ ಅಕ್ಷರ ಉಬ್ಬಿ ಕಾಣುತ್ತದೆ. ನನಗೆ ಕಂಡದ್ದು ಬರೀ ಎರಡು ಅಕ್ಷರ ಮತ್ತು ಒಂದು ತಿರುಪಿನ ಗುರುತು, ಹಾಗಾಗಿ ನಮ್ಮ ಡಬ್ಬಿಯ ತಯಾರಕರು ಯಾರೆಂದು ಬರೆಯುವುದಿಲ್ಲ. ಇಂಗ್ಲೆಂಡಿನ ರಾಸ್, ಕಾಲೀ ಕಂಪನಿಗಳ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕಾಲೀ ಎಂದರೆ ನಮ್ಮ ಕಾಳಿಯಲ್ಲ. ಲೀಡ್ಸ್ ಊರಿನ ಎ. ಕೆರ್ಶಾ ಎಂಬ ಕಂಪನಿಯ ಹೆಸರು ಮತ್ತು ಊರಿನ ಅಕ್ಷರಗಳನ್ನು ಸೇರಿಸಿ ಮಾಡಿದ ಪದ. ಅಮೆರಿಕದ ದೊಡ್ಡ ಥಿಯೇಟರುಗಳಲ್ಲಿ ಬ್ರೆನೋಗ್ರಾಫ್ ಎಂಬ ಯಂತ್ರ ಇತ್ತು, ಡೆಟ್ರಾಯ್ಟಿನ ಬ್ರೆಂಕರ್ಟ್ ಕಂಪನಿಯದು. ಒಂದರ ಮೇಲೊಂದು ಎರಡು ಸ್ಲೈಡ್ ಪ್ರೊಜೆಕ್ಟರ್ ಕೂರಿಸಿ, ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವಂತೆ, ಗೋಡೆಯ ಮೇಲೆ ಮೋಡ ಓಡುವಂತೆ ಮಾಡುತ್ತಿದ್ದರಂತೆ. ನಮ್ಮ ತಾಲ್ಲೂಕು ಟಾಕೀಸಿಗೆ ಅಷ್ಟು ಶೋಕಿ ಇರಲಿಲ್ಲ.

ಇದೆಲ್ಲ ಸಿನಿಮಾದ ಬಾಲ ಎಂದು ತಿಳಿಯಬೇಡಿ, ಸಿನಿಮಾದ ತಲೆ ಇದು. ಹಾಲೆಂಡಿನ ಹೈಗೆನ್ಸ್ 1659ರ ಹೊತ್ತಿಗೇ ಮ್ಯಾಜಿಕ್ ಲ್ಯಾಂಟರ್ನ್ ಮಾಡಿದ್ದ. ನಮ್ಮ ದೇಶದಲ್ಲಿ ಲೂಮಿಯೇರ್ ಸಹೋದರರ ಸಿನಿಮಾ ಮುಂಬಯಿಗೆ ಬಂದದ್ದು 1896ರ ಜುಲೈಯಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1892ರಲ್ಲಿ, ಕಲ್ಯಾಣದ ಪಟವರ್ಧನ್ ಎಂಬುವರು ಗಾಜಿನ ಮೇಲೆ ಕೈಯಲ್ಲಿ ಬರೆದ ಚಿತ್ರಗಳನ್ನು ಬೆಳಕಿನಲ್ಲಿ ಹಾಯಿಸಿ ಶಾಂಬರಿಕ ಖರೋಲಿಕಾ ಎಂಬ ಹೆಸರಿನಲ್ಲಿ ಕಥೆ ತೋರಿಸುತ್ತಿದ್ದರು. ಸಿನಿಮಾ ಬಂದ ಮೇಲೆ ಈ ಹಿರಿಯ ಯಂತ್ರಕ್ಕೆ ಕ್ಯಾಬಿನ್ನಿನ ಮೂಲೆ ಸಿಕ್ಕಿತು, ಅಷ್ಟೆ.

ಈಗ ನಿದ್ದೆ ಬರದ ರಾತ್ರಿಯ ವಿಷಯ. ಡಬ್ಬಿ ಬಂದ ಮೂರನೇ ದಿನ, ನನಗೆ ಇದ್ಯಾವುದೂ ಗೊತ್ತಾಗುವ ಮೊದಲೇ, ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಕೆಫೆಗಳಿಗೆ ಹಳೆಯ ಸಾಮಾನು ಜೋಡಿಸಿಕೊಡುವುದು ಅವರ ಕೆಲಸ. ಡಬ್ಬಿ ಭಾರ ಎಂದು ಬಿಟ್ಟು, ಹಿತ್ತಾಳೆಯ ಲೆನ್ಸನ್ನು ಮಾತ್ರ ಬಿಚ್ಚಿಸಿ ತೆಗೆದುಕೊಂಡು ಹೋದರು. ಒಳ್ಳೆಯ ಬೆಲೆಯನ್ನೇ ಕೊಟ್ಟರು, ಬಿಲ್ಲು ಬರೆದದ್ದು ನಾನೇ. ಅಂಚಿನಲ್ಲಿ ಸಂಖ್ಯೆ ಏನಾದರೂ ಕೊರೆದಿತ್ತೇ? ನಾನು ನೋಡಲಿಲ್ಲ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಆ ಟಾಕೀಸು ಎಷ್ಟು ಉದ್ದ ಇತ್ತು ಎಂದು ಹೇಳಬಹುದಾಗಿದ್ದ ವಸ್ತು ಈಗ ಯಾವುದೋ ಕಾಫಿ ಮೇಜಿನ ಮೇಲೆ ಪೇಪರ್‌ವೇಟ್ ಆಗಿರಬಹುದು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಕೆಲವರು ಇಂಥ ಡಬ್ಬಿಯೊಳಗೆ ಬಲ್ಬ್ ಇಟ್ಟು ಮೂಲೆ ದೀಪ ಮಾಡುತ್ತಾರೆ, ಅದನ್ನೂ ಪಾಪ ಎಂದು ನಾನು ಹೇಳುವುದಿಲ್ಲ. ಕರಗುವ ಕುಲುಮೆಗೆ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಲೆನ್ಸ್ ಒಂದು ಕಡೆ, ಡಬ್ಬಿ ಒಂದು ಕಡೆ, ಗಾಜುಗಳು ತಿಪ್ಪೆಗೆ ಎಂದಾದರೆ ಮೂರೂ ಸಾಯುತ್ತವೆ. ಮಾರಲೇಬೇಕಾದರೆ ಒಟ್ಟಿಗೆ ಮಾರಿ, ಎಲ್ಲಿಂದ ಬಂತು ಎಂದು ಒಂದು ಚೀಟಿ ಬರೆದು ಕಟ್ಟಿ ಮಾರಿ ಎನ್ನುವುದು ನನ್ನ ವಾದ. ಮಾಮು ಇದಕ್ಕೆ ಕೊಟ್ಟ ಉತ್ತರವನ್ನೂ ಬರೆಯುವುದು ನ್ಯಾಯ. "ಬೇಟಾ, ನಾನು ದಿನಕ್ಕೆ ನೂರು ತರಹದ ಸಾಮಾನು ತೂಗುತ್ತೇನೆ. ಪ್ರತಿಯೊಂದಕ್ಕೂ ಚೀಟಿ ಕಟ್ಟುತ್ತಾ ಕೂತರೆ ನಿನ್ನ ಫೀಸು ಯಾರು ಕಟ್ಟುತ್ತಾರೆ?" ನನ್ನ ಫೀಸು ಅವರೇ ಕಟ್ಟುವುದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಗುಜರಿಯವರು ಮಾಡಬೇಕಾದ ಕೆಲಸ ಇದಲ್ಲ, ಗುಜರಿಗೆ ಕಳಿಸುವವರು ಮಾಡಬೇಕಾದದ್ದು ಎಂದು ಮಾತ್ರ ಹೇಳಬಲ್ಲೆ.

ಗಾಜುಗಳು ಎಂದೆನಲ್ಲ. ಲಾರಿಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೂ ಬಂದಿತ್ತು. ಒಳಗೆ ಅರವತ್ತಕ್ಕೂ ಹೆಚ್ಚು ಗಾಜಿನ ಚೌಕಗಳು, ಕಪ್ಪು ಅಂಟುಪಟ್ಟಿ ಸುತ್ತಿದ್ದವು. ಮಾಮು ನೋಡಿ "ಕಾಂಚ್ ಹೈ, ಫೇಕ್ ದೇ" ಎಂದರು. ಗಾಜು ತಾನೇ, ಎಸೆ. ಒಡೆದ ಗಾಜಿಗೆ ನಮ್ಮಲ್ಲಿ ದರವೇ ಇಲ್ಲ. ಕಾಲಿಗೆ ಚುಚ್ಚುತ್ತದೆ ಎಂದು ನಾನು ಅದನ್ನು ಪಕ್ಕಕ್ಕೆ ಇಟ್ಟಿದ್ದೆ, ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದೂ ಗೊತ್ತಿಲ್ಲದೆ ಮಾಡಿದ್ದು.

ಸ್ಲೈಡ್ ನೋಡುವುದಕ್ಕೆ ಪ್ರೊಜೆಕ್ಟರೇ ಬೇಕಿಲ್ಲ. ಫೋನಿನಲ್ಲಿ ಬಿಳಿ ಪುಟ ತೆರೆದು, ಬೆಳಕು ಪೂರ್ತಿ ಹೆಚ್ಚಿಸಿ, ಅದರ ಮೇಲೆ ಹಿಡಿದರೆ ಸಾಕು. ಇನ್ನೊಂದು ಫೋನಿನಲ್ಲಿ ಫೋಟೋ ತೆಗೆಯಬಹುದು. ಹಾಗೆ ನೋಡುತ್ತಾ ಹೋದಂತೆ ಒಂದು ಇಡೀ ಪೇಟೆ ಬೀದಿ ಬೆಳಕಿಗೆ ಬಂತು. ರೇಡಿಯೋ ರಿಪೇರಿ, ಗೊಬ್ಬರ, ಸೋಡಾ ಕಾರ್ಖಾನೆ, ಬಟ್ಟೆ ಅಂಗಡಿಗಳು ನಾಲ್ಕೋ ಐದೋ. ಕೆಲವು ಫೋಟೋ ಅಚ್ಚಿನವು, ಹೆಚ್ಚಿನವು ಕೈಬರಹ. ಫೋನ್ ನಂಬರುಗಳು ಎರಡೇ ಅಂಕಿಯವು ಇದ್ದವು. ಒಂದು ಸ್ಲೈಡಿನಲ್ಲಿ ಕರ್ಚೀಫ್ ಸಿಕ್ಕಿದೆ, ಗುರುತು ಹೇಳಿ ಪಡೆಯಿರಿ ಎಂದಿತ್ತು. ಅದನ್ನು ಗಾಜಿನ ಮೇಲೆ ಬರೆಸುವಷ್ಟು ಕರ್ಚೀಫ್ ಬೆಲೆ ಬಾಳುತ್ತಿತ್ತೇ, ಅಥವಾ ಯಾರದೋ ತಮಾಷೆಯೇ, ಗೊತ್ತಿಲ್ಲ.

ಒಂದು ಟೈಲರ್ ಅಂಗಡಿಯ ಸ್ಲೈಡಿನಲ್ಲಿ ಮೇಲೆ ಕನ್ನಡ, ಕೆಳಗೆ ಉರ್ದು. ರಂಜಾನ್ ಹಬ್ಬಕ್ಕೆ ಹೊಲಿಗೆಯ ಆರ್ಡರನ್ನು ಹದಿನೈದು ದಿನ ಮೊದಲೇ ಕೊಡಿ ಎಂದು ಎರಡೂ ಭಾಷೆಯಲ್ಲಿ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಆಪರೇಟರಿಗೆ ಉರ್ದು ಓದಲು ಬಾರದಿದ್ದರೆ, ಕತ್ತಲ ಕ್ಯಾಬಿನ್ನಿನಲ್ಲಿ ಸ್ಲೈಡನ್ನು ತಿರುಗುಮುರುಗು ಹಾಕಿದರೆ? ಅದಕ್ಕೆ ಒಂದು ಉಪಾಯ ಇದೆ. ಸರಿಯಾಗಿ ಓದುವಂತೆ ಹಿಡಿದಾಗ ಸ್ಲೈಡಿನ ಎಡ ಕೆಳಮೂಲೆಯಲ್ಲಿ ಒಂದು ಚುಕ್ಕೆ ಅಂಟಿಸಿರುತ್ತಾರೆ. ಲೆನ್ಸ್ ಚಿತ್ರವನ್ನು ಬುಡಮೇಲು ಮಾಡುವುದರಿಂದ ಸ್ಲೈಡನ್ನು ತಲೆಕೆಳಗಾಗಿ ಹಾಕಬೇಕು. ಆಗ ಚುಕ್ಕೆ ಬಲ ಮೇಲ್ಮೂಲೆಗೆ ಬರುತ್ತದೆ, ಬಲಗೈ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಕೂರುತ್ತದೆ. ಯಾವ ಭಾಷೆಯೂ ಬಾರದವರು ಕೂಡ ಎಲ್ಲ ಭಾಷೆಯ ಸ್ಲೈಡನ್ನೂ ಸರಿಯಾಗಿ ಹಾಕಬಹುದು. ನಮ್ಮ ಸ್ಲೈಡುಗಳ ಚುಕ್ಕೆ ಹೆಬ್ಬೆರಳು ತಾಗಿ ತಾಗಿ ಎಣ್ಣೆಗಪ್ಪಾಗಿವೆ. ಇವನ್ನು ಒರೆಸಿ ಫಳಫಳ ಮಾಡಬಾರದು ಎಂದು ನಾನು ಹೇಳುವುದು ಅದಕ್ಕೇ.

ನಮ್ಮ ನಾನಾ, ಅಂದರೆ ತಾಯಿಯ ತಂದೆ, ಬೋರ್ಡ್ ಬರೆಯುತ್ತಿದ್ದರು. ಸ್ಲೈಡನ್ನೂ ಬರೆಯುತ್ತಿದ್ದರಂತೆ. ಗಾಜಿಗೆ ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ನಿಬ್ಬಿನಿಂದ ಅಕ್ಷರ ಕೆರೆಯಬೇಕು. ಕೆರೆದಲ್ಲಿ ಬೆಳಕು ಹಾಯುತ್ತದೆ. ಬಣ್ಣ ಬೇಕಾದಲ್ಲಿ ಬಣ್ಣದ ಜಿಲೆಟಿನ್ ಕಾಗದ, ಮೇಲೊಂದು ಗಾಜು, ಸುತ್ತ ಅಂಟುಪಟ್ಟಿ. ಒಂದು ಅಕ್ಷರ ತಪ್ಪಿದರೆ ಮತ್ತೆ ಬಳಿದು ಮೊದಲಿಂದ ಶುರು. ಇದನ್ನೆಲ್ಲ ಹೇಳಿದ್ದು ನಾನಿ. ನಾನು ಹುಟ್ಟುವ ಮೊದಲೇ ನಾನಾ ತೀರಿಕೊಂಡರು, ಅವರ ಬರಹದ ಒಂದು ಬೋರ್ಡೂ ಉಳಿದಿಲ್ಲ. ಹಾಗಾಗಿ ಆ ಟೈಲರ್ ಸ್ಲೈಡನ್ನು ಜೋಪಾನವಾಗಿ ಮನೆಗೆ ತಂದು, ಫೋನಿನ ಬೆಳಕಿನ ಮೇಲಿಟ್ಟು ನಾನಿಗೆ ತೋರಿಸಿದೆ. ಕನ್ನಡ ಉರ್ದು ಎರಡನ್ನೂ ಒಂದೇ ಕೈ ಬರೆದಂತೆ ಇದೆ, ಇದು ನಾನಾ ಬರೆದದ್ದೇ ಎಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ನಾನಿ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಬಹಳ ಹೊತ್ತು ನೋಡಿದರು. "ಹೋ ಸಕ್ತಾ. ನೈ ಭೀ ಹೋ ಸಕ್ತಾ" ಎಂದರು. ಇರಬಹುದು, ಇಲ್ಲದೆಯೂ ಇರಬಹುದು. ಆಗಿನ ಪೇಂಟರುಗಳೆಲ್ಲ ಒಬ್ಬರನ್ನೊಬ್ಬರು ನೋಡಿ ಕಲಿತವರು, ಅಕ್ಷರದ ಬಾಲ ಎಲ್ಲರದೂ ಹೀಗೇ ಇರುತ್ತಿತ್ತು ಎಂದರು. ನನಗೆ ಸ್ವಲ್ಪ ಅಳು ಬಂತು. ಆ ಸ್ಲೈಡಿನ ಲಕೋಟೆಯ ಮೇಲೆ ನಾನು ಬರೆದಿರುವುದು ಇಷ್ಟೇ: ಬರೆದವರು ತಿಳಿದಿಲ್ಲ.

ಇನ್ನು ದುರಸ್ತಿ. ಇದರಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ. ಮೊದಲನೆಯದಾಗಿ ಪ್ಲಗ್ ಹಾಕಿ ನೋಡಬೇಡಿ. ಆರ್ಕ್ ದೀಪಕ್ಕೆ ನೇರವಿದ್ಯುತ್ ಬೇಕು, ಹತ್ತಾರು ಆಂಪಿಯರ್ ಎಳೆಯುತ್ತದೆ, ಅದರ ಬೆಳಕಿನ ಅತಿನೇರಳೆ ಕಿರಣ ಕಣ್ಣಿಗೆ ಅಪಾಯ, ಹೊಗೆ ಎದೆಗೆ ಅಪಾಯ. ದೀಪದ ಮನೆಯೊಳಗೆ ಬೂದು ಬಣ್ಣದ ನಾರಿನ ಹಾಳೆ ಅಥವಾ ನಾರು ಸುತ್ತಿದ ತಂತಿ ಕಂಡರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಕೆರೆಯಬಾರದು, ಊದಬಾರದು, ಗುಡಿಸಲೂಬಾರದು. ಅದರ ಧೂಳು ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಉಳಿದು ರೋಗ ತರುತ್ತದೆ. ನಮ್ಮ ಡಬ್ಬಿಯಲ್ಲೂ ಅಂಥದ್ದು ಕಂಡಿತು. ಒದ್ದೆ ಮಾಡಿ, ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಆ ಭಾಗ ಮುಟ್ಟದೆ ಬಿಟ್ಟೆವು. ಕ್ಯಾಬಿನ್ನಿನ ಪಕ್ಕದ ಕೋಣೆಯಲ್ಲಿ ಕೈಕಾಲು ಚಾಚಿದ ದೊಡ್ಡ ಗಾಜಿನ ಬುರುಡೆ ಇದ್ದರೆ ಅದರಲ್ಲಿ ಪಾದರಸ ಇರುತ್ತದೆ, ಹತ್ತಿರ ಹೋಗಬೇಡಿ. ಗುಜರಿ ಅಂಗಡಿಯ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಗುರುತಿಸುವುದು ಬರೀ ಇತಿಹಾಸದ ಹುಚ್ಚಲ್ಲ ಎನ್ನಲು ನನಗೆ ಈ ಒಂದು ಕಾರಣವೇ ಸಾಕು.

ಹಿತ್ತಾಳೆಗೆ ಪಾಲಿಷ್ ಬೇಡ, ಮೇಲಿನ ಹಳೆಯ ಮೆರುಗು ಕಿತ್ತು ಹೋಗುತ್ತದೆ. ಹೊಸ ಬಣ್ಣವಂತೂ ಬೇಡವೇ ಬೇಡ. ತಿರುಪು ಹಿಡಿದಿದ್ದರೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಕಂಡೆನ್ಸರ್ ಮಸೂರಗಳನ್ನು ಬಿಚ್ಚುವ ಮೊದಲು ಯಾವುದು ಹಿಂದೆ, ಯಾವುದು ಮುಂದೆ ಎಂದು ಫೋಟೋ ತೆಗೆದು, ಆಮೇಲೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬಹುದು. ಸ್ಲೈಡುಗಳಿಗೆ ನೀರೂ ಬೇಡ ಸ್ಪಿರಿಟ್ಟೂ ಬೇಡ, ಬಣ್ಣ ಎದ್ದು ಬರುತ್ತದೆ. ಮೆತ್ತನೆಯ ಬ್ರಷ್ ಸಾಕು. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಮಾಡಿದ್ದನ್ನೆಲ್ಲ ಮುಂದೆ ಯಾರಾದರೂ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಾಗಬೇಕು. ಬೆಸುಗೆ, ಫೆವಿಕ್ವಿಕ್, ತೂತು ಕೊರೆಯುವುದು ಯಾವುದೂ ಸಲ್ಲ.

ಇಷ್ಟು ಕಷ್ಟಪಟ್ಟು ಏನು ಲಾಭ ಎಂದು ನನ್ನ ಬೆಂಚಿನ ಗೆಳೆಯರೇ ಕೇಳಿದರು. ಡಿಜಿಟಲ್ ಚೆನ್ನಾಗಿಲ್ಲವೇ ಎಂದರು. ಚೆನ್ನಾಗಿದೆ. ನನಗೆ ಸ್ಲೈಡಿನ ಕಾಲದ ನೆನಪೇ ಇಲ್ಲ, ಹಾಗಾಗಿ ಅದು ಬೇಕು ಎಂದು ಹಂಬಲಿಸುವ ಪ್ರಶ್ನೆಯೂ ಇಲ್ಲ. ನನ್ನದು ಲೆಕ್ಕದ ಪ್ರಶ್ನೆ. ಸವಕಳಿಯ ಪಾಠದಲ್ಲಿ ಎರಡು ವಿಧಾನ ಓದಿದ್ದೇವೆ. ಸ್ಥಿರ ಕಂತು ವಿಧಾನದಲ್ಲಿ ಯಂತ್ರದ ಮೌಲ್ಯ ಪ್ರತಿ ವರ್ಷ ಒಂದೇ ಮೊತ್ತದಷ್ಟು ಇಳಿದು ಕೊನೆಗೆ ಗುಜರಿ ಬೆಲೆಗೆ ಬಂದು ನಿಲ್ಲುತ್ತದೆ. ಇಳಿಕೆಯ ಶೇಷ ವಿಧಾನದಲ್ಲಿ ಎಷ್ಟು ವರ್ಷ ಕಳೆದರೂ ಮೌಲ್ಯ ಸೊನ್ನೆ ಆಗುವುದಿಲ್ಲ. ನಮ್ಮ ಲೆಕ್ಚರರನ್ನು ಇವೆರಡರಲ್ಲಿ ಮೌಲ್ಯ ಮತ್ತೆ ಮೇಲೆ ಏರುವುದು ಯಾವುದರಲ್ಲಿ ಎಂದು ಕೇಳಿದೆ. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದರು. ಆದರೆ ಏರುತ್ತದೆ. ಯಾವ ಟಾಕೀಸಿನದು, ಯಾವ ಅಳತೆಯದು, ಯಾವ ಸ್ಲೈಡುಗಳ ಜೊತೆಯದು ಎಂದು ತಿಳಿದ ಯಂತ್ರ ಮತ್ತು ಅದೇ ಯಂತ್ರ 31 ಕೆ.ಜಿ. ಮಿಶ್ರ ಕಬ್ಬಿಣವಾಗಿ, ಎರಡರ ಬೆಲೆ ಒಂದೇ ಅಲ್ಲ. ವ್ಯತ್ಯಾಸ ಇರುವುದು ಒಂದು ಚೀಟಿಯಲ್ಲಿ.

ದೊಡ್ಡ ಜಾಗಗಳು ಇಲ್ಲವೆಂದಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇದೆ, ಹಳೆಯ ತೆಲುಗು ಚಿತ್ರಗಳ ನೂರಾರು ಗಾಜಿನ ಸ್ಲೈಡುಗಳು ಅಲ್ಲಿಗೆ ಸೇರಿವೆ. ಮುಂಬಯಿಯಲ್ಲಿ 2019ರಲ್ಲಿ ಭಾರತೀಯ ಸಿನಿಮಾದ ರಾಷ್ಟ್ರೀಯ ಮ್ಯೂಸಿಯಂ ತೆರೆದಿದೆ. ಆದರೆ ತಾಲ್ಲೂಕಿನ ಸೋಡಾ ಕಾರ್ಖಾನೆಯ ಸ್ಲೈಡಿಗೆ ಪುಣೆಯಿಂದ ಯಾರು ಬರುತ್ತಾರೆ? ಬರಬೇಕೆಂದೂ ನಾನು ಹೇಳುವುದಿಲ್ಲ. ಟಾಕೀಸು ಕೆಡವಲು ಪುರಸಭೆಯಲ್ಲಿ ಅನುಮತಿ ಕೇಳುವಾಗ ಎಷ್ಟೋ ಕಾಗದ ಕೊಡುತ್ತಾರೆ. ಕ್ಯಾಬಿನ್ನಿನಲ್ಲಿ ಇರುವ ಸಾಮಾನಿನ ಒಂದು ಪಟ್ಟಿ, ನಾಲ್ಕು ಫೋಟೋ ಕೂಡ ಕೊಡಲಿ. ಮಾಲೀಕರಿಗೆ ಪುರುಸೊತ್ತಿಲ್ಲದಿದ್ದರೆ ಹತ್ತಿರದ ಕಾಲೇಜಿಗೆ ಒಂದು ಫೋನ್ ಮಾಡಲಿ. ಸ್ಟಾಕ್ ಪಟ್ಟಿ ಮಾಡುವುದು ಕಾಮರ್ಸ್ ವಿದ್ಯಾರ್ಥಿಗಳಿಗೆ ಕಲಿಸಿಯೇ ಇರುತ್ತಾರೆ. ಹಳೆಯ ಆಪರೇಟರುಗಳು ಇನ್ನೂ ಕೆಲವರು ಇದ್ದಾರೆ, ಅವರನ್ನು ಕರೆದು ಒಂದು ಟೀ ಕೊಡಿಸಿದರೆ ಅರ್ಧ ಪಟ್ಟಿ ಅವರೇ ಬರೆಸುತ್ತಾರೆ.

ಲೆನ್ಸ್ ಇಲ್ಲದ ನಮ್ಮ ಡಬ್ಬಿಗೆ ಕೊನೆಗೆ ಒಂದು ಉಪಾಯ ಮಾಡಿದೆವು. ಕನ್ನಡಕದ ಅಂಗಡಿಯಲ್ಲಿ ಪ್ಲಸ್ ಮೂರು ಪವರಿನ ಓದುವ ಗಾಜು ತಂದೆ. ಅದರ ನಾಭಿದೂರ 33 ಸೆಂಟಿಮೀಟರ್, ಸುಮಾರು 13 ಇಂಚು. ರಟ್ಟಿನ ಕೊಳವೆಯಲ್ಲಿ ಕೂರಿಸಿ ಕಂಬಿಗೆ ದಾರದಿಂದ ಕಟ್ಟಿದೆವು, ಒಂದು ತೂತೂ ಕೊರೆಯಲಿಲ್ಲ. ಆರ್ಕಿನ ಜಾಗದಲ್ಲಿ ಎಲ್‌ಇಡಿ ಟಾರ್ಚ್. ಮಗ್ರಿಬ್ ಆದ ಮೇಲೆ ಅಂಗಡಿಯ ಷಟರ್ ಎಳೆದು, ಹತ್ತು ಅಡಿ ದೂರದ ಸುಣ್ಣದ ಗೋಡೆಗೆ ಹಿಡಿದೆವು. ಎರಡು ಅಡಿ ಅಗಲದ ಚಿತ್ರ ಬಿತ್ತು. ಅಂಚೆಲ್ಲ ಮಸುಕು, ನಡುವೆ ಮಾತ್ರ ಸ್ಪಷ್ಟ. ಮೊದಲು ನಾನು ಚುಕ್ಕೆ ನೋಡದೆ ಹಾಕಿ ಟೈಲರ್ ಅಂಗಡಿ ತಲೆಕೆಳಗಾಯಿತು, ಮಾಮು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಸರಿ ಮಾಡಿದ ಮೇಲೆ ಅವರು ಏನೂ ಮಾತಾಡದೆ ಉರ್ದು ಸಾಲನ್ನು ಎರಡು ಸಲ ಓದಿದರು. ಆಮೇಲೆ ಆ ಟೈಲರ್ ತನ್ನ ಮೊದಲ ಪ್ಯಾಂಟ್ ಹೊಲಿದವರು, ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಕೊಟ್ಟಿದ್ದರು, ಸೊಂಟ ಬಿಗಿಯಾಗಿತ್ತು ಎಂದರು.

ಡಬ್ಬಿ ಇನ್ನೂ ಅಂಗಡಿಯಲ್ಲೇ ಇದೆ, ತಕ್ಕಡಿಯ ಹಿಂದೆ. ಮುಂದಿನ ಭಾನುವಾರ ಇನ್ನೊಂದು ಊರಿನ ಟಾಕೀಸಿನ ಸಾಮಾನು ನೋಡಲು ಮಾಮು ಹೋಗುತ್ತಿದ್ದಾರೆ, ನೀನೂ ಬರುತ್ತೀಯಾ ಎಂದು ಕೇಳಿದ್ದಾರೆ. ಸೋಮವಾರ ಸಂಖ್ಯಾಶಾಸ್ತ್ರದ ಟೆಸ್ಟ್ ಇದೆ. ಟಾರ್ಚು, ಅಳತೆ ಟೇಪು, ಮಾಸ್ಕು, ಒಂದಷ್ಟು ಚೀಟಿ ಮತ್ತು ದಾರವನ್ನು ಈಗಲೇ ಬ್ಯಾಗಿನಲ್ಲಿ ಇಟ್ಟಿದ್ದೇನೆ.